ಅತ್ತೆ ಮೆಚ್ಚಿದ ಅನಾಹುತ

ನಾನು ಒಳ್ಳೆಯ ಡಾಕ್ಟರು ಅನ್ನುವುದಕ್ಕೆ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಎಂದರೆ, ಹೆಂಡತಿಯನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಬೇರೆ ಊರಿನವರಿಗೆ ಇದು ಜಂಬದ ಮಾತು ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಯಾರಾದರೂ ತಮ್ಮ ನೋವನ್ನು ಬಾಯಿಬಿಟ್ಟು ಹೇಳಿದರೆ ಅದು ಕೇಳಿದವರಿಗೂ ಬರುತ್ತದೆ. ಎಷ್ಟು ಹೇಳಿದರೋ ಅಷ್ಟು, ಎಲ್ಲಿ ಎಂದರೋ ಅಲ್ಲಿ. ಕೇಳಿದವರು ಒಂದು ನಿದ್ದೆ ಮಾಡಿ ಏಳುವವರೆಗೆ ಇದ್ದು ಆಮೇಲೆ ಹೋಗುತ್ತದೆ. ಹೇಳಿದವರದು ಹೇಳಿದವರ ಹತ್ತಿರವೇ ಉಳಿಯುತ್ತದೆ, ಕಡಿಮೆಯೇನೂ ಆಗುವುದಿಲ್ಲ. ಹಾಗಾಗಿ ಮರ್ಯಾದಸ್ಥರು ಬೇಕಾದವರ ಮುಂದೆ ನೋವು ಹೇಳಿಕೊಳ್ಳುವುದಿಲ್ಲ. "ಆರಾಮ ಅದೀರೇನ್ರಿ?" ಎಂದು ಕೇಳಿದರೆ ಹಲ್ಲು ಸಿಡಿಯುತ್ತಿದ್ದರೂ "ಆರಾಮ್ರಿ" ಎನ್ನುತ್ತಾರೆ. ನೋವು ಹೇಳುವುದು ವೈರಿಗಳಿಗೆ. ಎರಡು ಮನೆಗಳ ನಡುವೆ ಗೋಡೆಯ ಜಗಳ ಹತ್ತಿದರೆ ಒಬ್ಬ ಜಗಲಿಯ ಮೇಲೆ ನಿಂತು "ನನ್ನ ಮೂಲವ್ಯಾಧಿ ಪೂರಾ ಹೇಳಿಬಿಡ್ತೀನಿ ನೋಡ ಮಗನ" ಎಂದು ಕೂಗುತ್ತಾನೆ. ಇನ್ನೊಬ್ಬ ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಾನೆ.

ಇಂಥ ಊರಿನಲ್ಲಿ ಜನ ಮೆಚ್ಚಿದ ಡಾಕ್ಟರು ಯಾವ ಕೆಲಸಕ್ಕೂ ಬರುವುದಿಲ್ಲ. ನಮ್ಮ ಮೆಡಿಕಲ್ ಕಾಲೇಜಿನಲ್ಲಿ ಪ್ರಭುಸ್ವಾಮಿ ಎಂಬ ಡಾಕ್ಟರಿದ್ದರು, ಬೆಣ್ಣೆಯಂಥ ಮನುಷ್ಯ. ಅವರ ಕೋಣೆಗೆ ಹೋದ ರೋಗಿ, ಹೊಟ್ಟೆಯಲ್ಲಿ ಕರುಳು ಹೊಸೆಯುತ್ತಿದ್ದರೂ, "ಏನಿಲ್ರಿ ಸರ್, ಹಂಗ ನಿಮ್ಮನ್ನ ಮಾತಾಡ್ಸಿ ಹೋಗೂಣಂತ ಬಂದೆ" ಎಂದು ಬಾಳೆಹಣ್ಣು ಇಟ್ಟು ಎದ್ದು ಬರುತ್ತಿದ್ದ. ಕೊನೆಗೆ ಅವರನ್ನು ಲೈಬ್ರರಿಗೆ ಹಾಕಿದರು. ನನ್ನ ಕೋಣೆಯ ಮುಂದೆ ಮಾತ್ರ ಸಾಲು ಮುಗಿಯುತ್ತಿರಲಿಲ್ಲ. ನನ್ನ ಗಂಟುಮುಖ, ತಗಡು ಬಡಿದಂಥ ದನಿ, ಎದುರಿಗಿದ್ದವರು ಮಾತು ಮುಗಿಸುವ ಮೊದಲೇ "ಮುಂದ?" ಎನ್ನುವ ಚಾಳಿ, ಇವೆಲ್ಲ ಸೇರಿ ರೋಗಿಗಳ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. "ಈ ಮುರಿಗೆಪ್ಪ ಡಾಕ್ಟರಗ ಹೇಳಾಕ ಏನಡ್ಡಿ" ಎಂದು ಅವರು ಉಗುರಿನಿಂದ ನೆತ್ತಿಯವರೆಗೆ ಒಂದೂ ಬಿಡದೆ ಹೇಳುತ್ತಿದ್ದರು. ನನಗೂ ಅಲ್ಲಲ್ಲೇ ನೋಯುತ್ತಿತ್ತು. ನೋವು ಎಲ್ಲಿ ಎಂದು ತಿಳಿದ ಮೇಲೆ ಔಷಧಿ ಬರೆಯುವುದು ಏನು ಮಹಾ! ಕೈಯಿಂದ ಒತ್ತಿ, ಬಡಿದು ನೋಡುವ ವಿದ್ಯೆಯನ್ನು ನಮ್ಮ ಕಾಲೇಜಿನಲ್ಲಿ ಯಾರೂ ಸರಿಯಾಗಿ ಕಲಿಸುತ್ತಿರಲಿಲ್ಲ, ನಾನೂ ಕಲಿತಿರಲಿಲ್ಲ. ಜನರ ಸಿಟ್ಟನ್ನೇ ನನ್ನ ಪ್ರತಿಭೆ ಎಂದುಕೊಂಡು ಬೆಳಗ್ಗೆ ಎದೆಯುಬ್ಬಿಸಿ ಹೋಗುತ್ತಿದ್ದೆ, ಸಂಜೆ ಅದೇ ಎದೆ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ.

ಮನೆಯಲ್ಲೂ ಬಿಡುವಿರಲಿಲ್ಲ. ನನ್ನ ಹೆಂಡತಿ ಸುಮಂಗಲಾಳ ತಾಯಿ ಗುರಸಿದ್ದವ್ವ ನಮ್ಮ ಜೊತೆಗೇ ಇದ್ದರು. ಮದುವೆಯ ಊಟದಲ್ಲಿ ನಾನು ಹೋಳಿಗೆ ಗಟ್ಟಿಯಾಗಿದೆ ಎಂದಿದ್ದೆ. ಅದನ್ನು ಅವರೇ ಮುಂದೆ ನಿಂತು ಮಾಡಿಸಿದ್ದು ಎಂದು ನನಗೆ ಯಾರೂ ಹೇಳಿರಲಿಲ್ಲ. ಬೀದಿಯ ಎಲ್ಲ ಮನೆಗಳಿಗೂ ಬೇಕಾದ ಆ ಹೆಂಗಸಿಗೆ ಅಂದಿನಿಂದ ಇದ್ದ ವೈರಿ ನಾನೊಬ್ಬನೇ. ಬೆಳಗ್ಗೆ ನಾನು ಚಹದ ಬಟ್ಟಲಿಗೆ ಕೈ ಹಾಕುವುದನ್ನೇ ಕಾದಿದ್ದು, "ಏ ಡಾಕ್ಟರ, ಕೇಳಿಲ್ಲೆ" ಎಂದು ಎದುರಿಗೆ ಕುಳಿತು ತಮ್ಮ ಮೊಣಕಾಲಿನ ಕಥೆಯನ್ನು ಸಾವಕಾಶವಾಗಿ, ರುಚಿಕಟ್ಟಾಗಿ ಹೇಳುತ್ತಿದ್ದರು. ಹೇಳಿ ಮುಗಿಸಿ, ನಾನು ಏಳುವಾಗ ಗೋಡೆ ಹಿಡಿಯುವುದನ್ನು ಕಣ್ಣಾರೆ ನೋಡಿ, ಸಮಾಧಾನದಿಂದ ಒಳಗೆ ಹೋಗುತ್ತಿದ್ದರು. ನಾನು ಕುಂಟುತ್ತ ಕಾಲೇಜಿಗೆ ಹೋಗುತ್ತಿದ್ದೆ. ವಿದ್ಯಾರ್ಥಿಗಳು ವಾರ್ಷಿಕೋತ್ಸವದಲ್ಲಿ ನನ್ನ ನಡಿಗೆಯನ್ನು ಮಾಡಿ ತೋರಿಸಿ ಬಹುಮಾನ ತೆಗೆದುಕೊಂಡರು.

ಮೊಣಕಾಲು ನೋವಿನ ಹೊಸ ಮಾತ್ರೆಯೊಂದರ ಪರೀಕ್ಷೆಯನ್ನು ಕಾಲೇಜು ಒಪ್ಪಿಕೊಂಡು ಅದನ್ನು ನನ್ನ ತಲೆಗೆ ಕಟ್ಟಿತು. ಊರಿನ ಮೊಣಕಾಲುಗಳೆಲ್ಲ ವಾರವಾರವೂ ನನ್ನೆದುರಿಗೆ ಬಂದು ಕುಳಿತರೆ ನಾನು ಬದುಕಿದ ಹಾಗೆಯೇ! ಆಗ ನನಗೆ ಕಂಪ್ಯೂಟರಿನ ನೆನಪಾಯಿತು. ಅದಕ್ಕೆ ಮೊಣಕಾಲಿಲ್ಲ. ಕಾಲೇಜಿನ ಕಂಪ್ಯೂಟರ್ ವಿಭಾಗದ ರೆಹಾನಾ ಮೇಡಂ ಅವರನ್ನು ಕಾಡಿಬೇಡಿ ಒಂದು ಪ್ರೋಗ್ರಾಮು ಮಾಡಿಸಿದೆ. ರೋಗಿ ಒಂದು ಪುಟ್ಟ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ತೆರೆಯ ಮುಂದೆ ಕೂರಬೇಕು. ಒಳಗಿನಿಂದ ಒಂದು ದನಿ ಪ್ರಶ್ನೆ ಕೇಳುತ್ತದೆ, ರೋಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನೋವಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಹಾಕುತ್ತದೆ. ಅರ್ಧ ಜನರಿಗೆ ನಿಜವಾದ ಮಾತ್ರೆ, ಇನ್ನರ್ಧ ಜನರಿಗೆ ನೋಡಲು ಹಾಗೇ ಇರುವ ಬರೀ ಸಕ್ಕರೆಯ ಮಾತ್ರೆ. ಹೀಗೆ ಕೂಡಿದ ಮಾತುಗಳಿಂದಲೇ ರೆಹಾನಾ ಇನ್ನೊಂದು ತೆರೆಯ ಮೇಲೆ ಒಬ್ಬ ರೋಗಿಯನ್ನು ಮಾಡಿಟ್ಟರು. ವಿದ್ಯಾರ್ಥಿಗಳು ಅವನಿಗೆ ಪ್ರಶ್ನೆ ಕೇಳಿ, ಉತ್ತರ ಪಡೆದು, ತಮಗೇನೂ ನೋಯದೆ ರೋಗ ಗುರುತಿಸುವುದನ್ನು ಕಲಿಯಬಹುದಿತ್ತು. ಕೇಳುವ ದನಿ ಸಾದಾ ಇರಲಿ ಎಂದು ರೆಹಾನಾ ಹೇಳಿದರು. ನಾನು ಬಿಡಲಿಲ್ಲ. ನನ್ನ ದನಿ ಕೇಳಿ ಕೇಳಿ ನನಗೇ ಸಾಕಾಗಿತ್ತು. ಜೇನಿನಂಥ ಹೆಣ್ಣುದನಿಯೇ ಬೇಕೆಂದು ಹಟ ಹಿಡಿದು ಹಾಕಿಸಿದೆ.

ಮೊದಲ ವಾರಗಳು ಚೆನ್ನಾಗಿಯೇ ನಡೆದವು. ಕೈಕಾಲಿಲ್ಲದ ಯಂತ್ರಕ್ಕೆ ನೋವು ಹತ್ತುವುದಿಲ್ಲ ಎಂದು ಜನ ಧಾರಾಳವಾಗಿ ಹೇಳಿದರು. ಏಳು, ಎಂಟು, ಒಂಬತ್ತು ಎಂದು ಅಂಕಗಳು ಬಿದ್ದವು. ಯಂತ್ರಕ್ಕೆ ಅವರೇ ಕೇಳವ್ವ ಎಂದು ಹೆಸರಿಟ್ಟರು. ಆಮೇಲೆ ಒಂದು ದಿನ ಬಳೆ ಮಾರುವ ತಿಪ್ಪವ್ವ ಒಳಗೆ ಹೋಗಿ, ಮೊಣಕಾಲಿನಿಂದ ಶುರುಮಾಡಿ ಸೊಂಟಕ್ಕೆ ಹತ್ತಿ, ಅಲ್ಲಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದ ಹಾಗಾಗುವುದನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಾಗ ಕೇಳವ್ವನ ದನಿ ಎಳೆಯಿತು, ಗೊಗ್ಗರಾಯಿತು, ತೆರೆ ಕಪ್ಪಾಯಿತು. ತಿಪ್ಪವ್ವ ಹೊರಗೆ ಓಡಿ ಬಂದು ಗೋಳೋ ಎಂದು ಅತ್ತಳು. "ಅಯ್ಯ ಶಿವನ, ನನ್ನ ಬ್ಯಾನಿ ತಡೀಲಾರದ ಹೋತಲ್ಲೋ ಕೂಸು!" ರೆಹಾನಾ ಬಂದು ನೋಡಿ, "ಕರೆಂಟ್ ಹೆಚ್ಚುಕಮ್ಮಿ ಆಗೇತ್ರಿ, ಅಷ್ಟ" ಎಂದು ಒಂದು ಗುಂಡಿ ಒತ್ತಿ ಮತ್ತೆ ಹಚ್ಚಿದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಸಂಜೆಯೊಳಗೆ ಉಪ್ಪು, ಮೆಣಸಿನಕಾಯಿ ತಂದು ಕೇಳವ್ವನಿಗೆ ದೃಷ್ಟಿ ತೆಗೆದರು. ಮರುವಾರ ಯಾರೋ ಕಸೂತಿ ಹಾಕಿದ ಹೊದಿಕೆ ತಂದು ಹೊದಿಸಿದರು, ಇನ್ನು ಯಾರೋ ಅಬ್ಬಲಿಗೆಯ ದಂಡೆ ಮುಡಿಸಿದರು. ನಾನು ಇದನ್ನೆಲ್ಲ ನೋಡಿ, ನಮ್ಮ ಜನ ಹೊಸ ತಂತ್ರಜ್ಞಾನವನ್ನು ಎಷ್ಟು ಬೇಗ ಒಪ್ಪಿಕೊಂಡರು ಎಂದು ಪ್ರಿನ್ಸಿಪಾಲರ ಮುಂದೆ ಭಾಷಣ ಮಾಡಿದೆ.

ಆ ವಾರದಿಂದಲೇ ಅಂಕಗಳು ಇಳಿಯತೊಡಗಿದವು. ಎಂಟು ಇದ್ದವರದು ಮೂರಾಯಿತು, ಒಂಬತ್ತು ಇದ್ದವರದು ಎರಡಾಯಿತು. ನಾನು ಕುಣಿಯುವುದೊಂದು ಬಾಕಿ. "ಸರ್, ಸಕ್ಕರಿ ಗುಳಿಗಿ ತಗೊಂಡೋರ್ದೂ ಇಳದೈತ್ರಿ" ಎಂದರು ರೆಹಾನಾ. ಬುದ್ಧಿ ನೆಟ್ಟಗಿದ್ದ ಯಾವ ಡಾಕ್ಟರಾದರೂ ಅಲ್ಲಿಗೇ ನಿಂತು ಯೋಚಿಸುತ್ತಿದ್ದ. ನಾನು, ನಮ್ಮ ಕಡೆಯ ಕಬ್ಬಿನ ಸಕ್ಕರೆಯಲ್ಲೇ ಏನೋ ಗುಣ ಇರಬೇಕು, ಅದರ ಮೇಲೆ ಇನ್ನೊಂದು ಪ್ರಬಂಧ ಬರೆಯೋಣ ಎಂದೆ. ತೆರೆಯ ಮೇಲಿನ ರೋಗಿಯೂ ದಿನೇ ದಿನೇ ಹೊಸ ಮಾತುಗಳನ್ನು ಕಲಿಯುತ್ತ ಬಲು ಸಭ್ಯನಾದ. ವಿದ್ಯಾರ್ಥಿಗಳು ಏನು ಕೇಳಿದರೂ "ಒಂಚೂರು ಐತ್ರಿ, ಅದೇನ್ ದೊಡ್ಡದಲ್ಲ, ನೀವು ನಾಷ್ಟಾ ಮಾಡಿದ್ರೇನು?" ಎನ್ನುತ್ತಿದ್ದ. ಎಲ್ಲರೂ ಅವನನ್ನು ಆರೋಗ್ಯವಂತ ಎಂದು ಬರೆದು ಪೂರ್ತಿ ಅಂಕ ಪಡೆದರು. ನನ್ನ ಸಂಶೋಧನೆಯನ್ನು ಓದಿ ಹೇಳಬೇಕೆಂದು ದೊಡ್ಡ ಸಮ್ಮೇಳನವೊಂದರಿಂದ ಕರೆ ಬಂತು. ಕೋಟು ಹೊಲಿಸಲು ಕೊಟ್ಟೆ.

ಈ ನಡುವೆ ನನ್ನ ಮೈ ಹಗುರವಾಗಿತ್ತು. ಇಡೀ ದಿನ ಯಾರ ನೋವೂ ಇಲ್ಲ. ಮೈ ನೋಯದಿದ್ದರೆ ನಾನೂ ಒಬ್ಬ ಸಾಮಾನ್ಯ ಮನುಷ್ಯ ಎಂದು ನನಗೇ ಗೊತ್ತಿರಲಿಲ್ಲ. ಸ್ನಾನ ಮಾಡುತ್ತ ಹಾಡತೊಡಗಿದೆ. ಕಾಲೇಜಿನಿಂದ ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ, ಅತ್ತೆಗೆ ಖಾರ ಕಡಿಮೆ ಇರುವುದನ್ನು ಬೇರೆ ಕಟ್ಟಿಸಿದೆ. ಅವರು ಮೊರದಲ್ಲಿ ಜೋಳ ಹಸನು ಮಾಡುವಾಗ ಪಕ್ಕದಲ್ಲಿ ಕುಳಿತು ಹರಳು ಆರಿಸಿಕೊಟ್ಟೆ. ಹುಡುಗಿಯಾಗಿದ್ದಾಗ ಗಂಡುಹುಡುಗರಿಗೆ ಸವಾಲು ಹಾಕಿ ಬಾವಿಗೆ ಧುಮುಕಿದ್ದನ್ನು ಅವರು ಹೇಳಿದರು, ನಾನು "ಮುಂದ?" ಎನ್ನದೆ ಕೇಳಿದೆ. ಬೆಳಗಿನ ಮೊಣಕಾಲಿನ ಪುರಾಣ ಯಾವಾಗ ನಿಂತಿತೋ ನನಗೆ ಸರಿಯಾಗಿ ನೆನಪಿಲ್ಲ. "ಏ ಡಾಕ್ಟರ" ಹೋಗಿ "ಅಳಿಯಂದ್ರ" ಬಂತು. ಅತ್ತೆಯೂ ನನ್ನ ಪರೀಕ್ಷೆಯಲ್ಲಿ ಸೇರಿದ್ದರು, ವಾರವಾರ ಹೋಗಿ ಕೇಳವ್ವನ ಮುಂದೆ ಕೂರುತ್ತಿದ್ದರು. ಅವರ ಅಂಕವೂ ಒಂದಕ್ಕೆ ಇಳಿದಿತ್ತು. ಮಾತ್ರೆ ನನ್ನ ಮನೆಯಲ್ಲೇ ಪವಾಡ ಮಾಡಿದೆ ಎಂದು ನಾನು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದೆ.

"ಅವ್ವ ರೊಟ್ಟಿ ಅರ್ಧಕ್ಕ ಬಿಡಾಕತ್ತಾಳ ನೋಡ್ರಿ" ಎಂದು ಸುಮಂಗಲಾ ಒಂದು ದಿನ ಹೇಳಿದಳು. ನೋಡಿದೆ. ಹೌದು, ಅತ್ತೆ ತಟ್ಟೆ ಸರಿಸಿ ಕುಳಿತಿದ್ದರು, ಮುಖ ಇಳಿದಿತ್ತು. ಏಳುವಾಗ ಬಾಗಿಕೊಂಡೇ ಎದ್ದರು. "ಏನಾಗೇತ್ರಿ ಅತ್ತಿಯವ್ರ?" ಎಂದೆ. "ಏನಿಲ್ರಿ ಅಳಿಯಂದ್ರ, ಆರಾಮ ಅದೀನಿ" ಎಂದು ನಕ್ಕರು. ಮಗಳು ಕೇಳಿದರೂ ಅದೇ ಉತ್ತರ. ಒತ್ತಾಯ ಮಾಡಿ ಮಲಗಿಸಿ ಹೊಟ್ಟೆ ಒತ್ತಿ ನೋಡಿದೆ. ಎಲ್ಲಿ ಒತ್ತಿದರೂ ಒಂದೇ ನಗು. ಅದರಲ್ಲಿ ಯಾವ ನಗು ಸುಳ್ಳು ಎಂದು ತಿಳಿಯಬೇಕಾದರೆ ಕೈಯಲ್ಲಿ ವಿದ್ಯೆ ಇರಬೇಕು. ಆಸ್ಪತ್ರೆಗೆ ಹೋಗೋಣ ಎಂದರೆ, "ಆರಾಮ ಇದ್ದಾಕೀನ ದವಾಖಾನಿಗಿ ಒಯ್ತಾರೇನ್ರಿ? ಮಂದಿ ನಗ್ತಾರ" ಎಂದು ಮೊರ ಎಳೆದುಕೊಂಡು ಕುಳಿತರು. ಸ್ಕ್ಯಾನ್ ಮಾಡುವವರನ್ನು ಕೇಳಿದರೆ, ಎಲ್ಲಿ ತೆಗೆಯಬೇಕು ಹೇಳಿ ಎಂದರು. ಅದೇ ತಾನೇ ಗೊತ್ತಿಲ್ಲದ್ದು.

ನಾನು ರೆಹಾನಾ ಅವರ ಕೋಣೆಗೆ ಹೋಗಿ ಅತ್ತೆಯ ಅಂಕಗಳನ್ನು ತೆಗೆಸಿದೆ. ಅವರು ಅತ್ತೆಯದನ್ನಷ್ಟೇ ಅಲ್ಲ, ಎಲ್ಲರದನ್ನೂ ಒಟ್ಟಿಗೆ ತೆರೆಯ ಮೇಲೆ ಹರವಿದರು. ಗೆರೆಗಳೆಲ್ಲ ಒಂದೇ ವಾರದಲ್ಲಿ ಕುಸಿದಿದ್ದವು. ತಿಪ್ಪವ್ವ ಅತ್ತ ವಾರ. "ಸರ್, ನಿನ್ನಿ ನಾ ವೈರ್ ಸರಿಮಾಡಾಕ ಒಳಗಿದ್ದೆ. ಒಬ್ಬ ಅಜ್ಜಾರು ಬಂದ್ರು. ಕಾಲ್ ಮಡಚಾಕ ಬರಲಾರ್ದಕ್ಕ ನಿಂತ ಮಾತಾಡಿದ್ರು. 'ನಿಂದ ಮೈ ಹೆಂಗೈತವ್ವ? ನಂದೇನಿಲ್ಲ, ಒಂದ ಅಂತ ಬರ್ಕೊ' ಅಂದು ಕುಂಟಿಕೋತ ಹ್ವಾದ್ರು" ಎಂದರು ರೆಹಾನಾ. ನನ್ನ ಮಾತ್ರೆ ಯಾರಿಗೂ ಏನೂ ಮಾಡಿರಲಿಲ್ಲ. ಊರಿನವರು ಕೇಳವ್ವನನ್ನು ಮೆಚ್ಚಿಕೊಂಡಿದ್ದರು, ಅಷ್ಟೇ. ಅತ್ತೆ ಕೇಳವ್ವನನ್ನೂ ಮೆಚ್ಚಿದ್ದರು, ಅದಕ್ಕಿಂತ ಅನಾಹುತವೆಂದರೆ ನನ್ನನ್ನೂ ಮೆಚ್ಚಿಕೊಂಡಿದ್ದರು. ಇಂಥ ದೊಡ್ಡ ಲಕ್ಷಣ ದಿನವೂ ಕಣ್ಣೆದುರಿಗೆ ಓಡಾಡುತ್ತಿದ್ದರೂ ಗುರುತಿಸದ ನನ್ನನ್ನು ಸಮ್ಮೇಳನಕ್ಕೆ ಕರೆದಿದ್ದರು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

ಮತ್ತೆ ಅವರ ವೈರಿಯಾಗುವುದೊಂದೇ ದಾರಿ. ಅದೇನು ಕಷ್ಟ, ಹುಟ್ಟಿದಾಗಿನಿಂದ ಬಂದ ಕಲೆ ಎಂದುಕೊಂಡು ಮನೆಗೆ ಹೋದೆ. ಊಟಕ್ಕೆ ಕುಳಿತಾಗ, "ಇದು ರೊಟ್ಟಿ ಅಲ್ರಿ ಅತ್ತಿಯವ್ರ, ಹಂಚಿನ ಚೂರು" ಎಂದೆ. "ಖರೆ ಐತ್ರಿ, ಕೈಯಾಗ ಶಕ್ತಿ ಇಲ್ಲ, ನಾಳಿಂದ ಸುಮಾನ ಬಡೀತಾಳ" ಎಂದು ತಮ್ಮ ತಟ್ಟೆಯ ಬೆಣ್ಣೆಯನ್ನು ನನಗೆ ಹಾಕಿದರು. ತೀರಿಹೋದ ಮಾವನವರ ಜಿಪುಣತನವನ್ನು ಎತ್ತಿ ಆಡಿದೆ. ಅವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ನನಗೆ ಗೊತ್ತಿಲ್ಲದ ಇನ್ನೂ ಎರಡು ಪ್ರಸಂಗ ಹೇಳಿದರು. ಅವರ ಬಾವಿಯ ಕಥೆ ಬರೀ ಸುಳ್ಳು ಎಂದೆ. "ಪಾಪ, ಅಳಿಯಂದ್ರಿಗೆ ಕಾಲೇಜಿನಾಗ ಏನೋ ತ್ರಾಸ ಆಗೇತಿ, ಸುಮಾ, ಅವರಿಗೆ ಒಂದಿಷ್ಟು ಹಾಲು ಕಾಸಿಕೊಡು" ಎಂದರು. ಸುಮಂಗಲಾ ಹಾಲು ಕೊಡಲಿಲ್ಲ, ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ನನ್ನಷ್ಟೇ ಜನರ ಶಾಪ ಪಡೆದ ಇನ್ನೊಬ್ಬ ಡಾಕ್ಟರನ್ನು ಕರೆತಂದೆ. ಅತ್ತೆ ಅವನನ್ನು ಅಳಿಯನ ಗೆಳೆಯ ಎಂದು ಆದರಿಸಿ, ಬೇಸನ್ ಉಂಡೆ ಕೊಟ್ಟು, "ಮನ್ಯಾಗ ಎಲ್ಲಾರೂ ಆರಾಮೇನ್ರಿ?" ಎಂದು ವಿಚಾರಿಸಿ ಕಳಿಸಿದರು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಇಂಥ ಒಳ್ಳೆಯ ಹೆಂಗಸಿಗೆ ಯಾಕೆ ಕಾಟ ಕೊಡುತ್ತೀ ಎಂದು ನನ್ನನ್ನೇ ಗದರಿಸಿದ.

ಮರುದಿನ ಮಧ್ಯಾಹ್ನ ಅತ್ತೆಗೆ ಚಳಿ ಹತ್ತಿತು. ಒಳಕೋಣೆಯಲ್ಲಿ ಕೌದಿ ಹೊದ್ದು ಮುದುಡಿ ಮಲಗಿದ್ದರು. ಹಣೆ ಸುಡುತ್ತಿತ್ತು, ಉಸಿರು ತುಂಡುತುಂಡಾಗಿ ಬರುತ್ತಿತ್ತು. ಪಕ್ಕದಲ್ಲಿ ಕುಳಿತು, "ಎಲ್ಲಿ ನೂಸತೈತಿ ಹೇಳ್ರಿ, ನಿಮ್ಮ ಕಾಲ್ ಬೀಳ್ತೀನಿ" ಎಂದೆ. ಕಣ್ಣು ತೆರೆದು, "ನೀವು ಉಂಡ್ರೇನ್ರಿ?" ಎಂದರು. ನನ್ನನ್ನು ಮೆಚ್ಚಿಕೊಂಡ ಒಂದೇ ತಪ್ಪಿಗೆ ಈ ಹೆಂಗಸು ಸಾಯುತ್ತಾರೆ ಅನ್ನಿಸಿ ನನಗೆ ಅಳು ಬಂತು. ಇನ್ನೇನು ಮಾಡಲೂ ತೋಚಲಿಲ್ಲ. ನನ್ನ ನೋವು ಹೇಳಿದೆ.

ನನ್ನದೂ ಒಂದಿತ್ತು. ಊರವರದೆಲ್ಲ ನಿದ್ದೆಯಲ್ಲಿ ಕಳೆದುಹೋದ ಮೇಲೂ ಬೆಳಗ್ಗೆ ಎಡ ಹೆಗಲ ಹಿಂದೆ ಉಳಿದಿರುತ್ತಿದ್ದದ್ದು. ಎಷ್ಟೋ ವರ್ಷದ್ದು, ಯಾರಿಗೂ ಹೇಳಿರಲಿಲ್ಲ. ಎಲ್ಲಿ ಹುಟ್ಟುತ್ತದೆ, ಹೇಗೆ ಕೊರೆಯುತ್ತದೆ, ಕೈ ಎತ್ತಿದರೆ ಏನಾಗುತ್ತದೆ, ಯಾವ ಮಗ್ಗುಲಾದರೂ ಹೇಗೆ ಬಿಡುವುದಿಲ್ಲ, ಎಲ್ಲವನ್ನೂ ಹೇಳಿದೆ. ಹೇಳುತ್ತಿದ್ದ ಹಾಗೆ ಅತ್ತೆಯ ಬಲಗೈ ಮೆಲ್ಲಗೆ ಎದ್ದು ಎಡ ಹೆಗಲನ್ನು ಹಿಡಿದುಕೊಂಡಿತು. ಅವರು ನನ್ನನ್ನೇ ನೋಡಿದರು. ನಾನು ಹೊಡೆದಿದ್ದರೂ ಹಾಗೆ ನೋಡುತ್ತಿರಲಿಲ್ಲ.

"ನನಗ ಹೇಳಿದ್ರೇನು?" ಎಂದರು. "ನಾ ಮಲಗಿದ್ದೀನಿ, ಏಳಾಕ ಬರವಲ್ದು, ಅಂಥಾದ್ರಾಗ ನನಗ ಹೇಳಿದ್ರಿ?" ಕೌದಿಯನ್ನು ತಳ್ಳಿದರು. "ನಾ ನಿನಗ ಅಷ್ಟು ಬ್ಯಾಡಾದೆನೇನೋ? ಜ್ವಾಳದಾಗಿನ ಹರಳ ಆರಿಸಿಕೊಟ್ಟಿ, ಭಜಿ ತಂದು ತಿನಿಸಿದಿ, ಮಗಾ ಅಂದ್ಕೊಂಡಿದ್ದೆ ನಿನ್ನ. ಎಲ್ಲಾ ಸುಳ್ಳೇನು? ಹಂಗಾರ ತಗೋ. ನಿಂದು ಬ್ಯಾನಿ ಅಲ್ಲ, ನಂದು ಕೇಳು!" ಎಂದು ಮೊಣಕೈ ಊರಿ ಎದ್ದು ಕುಳಿತು ಹೇಳತೊಡಗಿದರು. ನಾನು ಕಿವಿ ಮುಚ್ಚಲಿಲ್ಲ. ಬಲಪಕ್ಕೆಯ ಎಲುಬಿನ ಕೆಳಗೆ ಯಾರೋ ಕೈ ಹಾಕಿ ಹಿಂಡಿದ ಹಾಗಾಯಿತು. ಅಲ್ಲಿಂದ ಬೆನ್ನಿಗೆ ಹೊಕ್ಕು ಬಲ ಹೆಗಲಿಗೆ ಏರಿತು. ಇಂಥದನ್ನು ಈ ಹೆಂಗಸು ಇಷ್ಟು ದಿನ ಇಟ್ಟುಕೊಂಡು ನನ್ನ ತಟ್ಟೆಗೆ ಬೆಣ್ಣೆ ಹಾಕಿದ್ದರು. ನಾನು ನೆಲಕ್ಕೆ ಬಿದ್ದು ಹೊರಳಾಡುತ್ತ, "ಪಿತ್ತಕೋಶ! ಸುಮಂಗಲಾ, ಪಿತ್ತಕೋಶ! ಆಟೋ ಕರಿ!" ಎಂದು ಸಂತೋಷದಿಂದ ಚೀರಿದೆ. ಓಡಿ ಬಂದ ಸುಮಂಗಲಾಳಿಗೆ ಗಂಡನಿಗೆ ತಲೆ ಕೆಟ್ಟಿದೆ ಎಂದೇ ಅನ್ನಿಸಿತಂತೆ.

ಆಟೋದಲ್ಲಿ ಅತ್ತೆ ಒಂದು ಕಡೆ ಬಾಗಿಕೊಂಡು, ನಾನು ಇನ್ನೊಂದು ಕಡೆ ಬಾಗಿಕೊಂಡು, ನಡುವೆ ಸುಮಂಗಲಾ. ಆಸ್ಪತ್ರೆಯಲ್ಲಿ ನನ್ನ ನರಳಾಟವೇ ಹೆಚ್ಚಾಗಿ ಕೇಳುತ್ತಿದ್ದುದರಿಂದ ಮೊದಲು ನನ್ನನ್ನೇ ಸ್ಟ್ರೆಚರಿಗೆ ಏರಿಸಿದರು. ನಾನಲ್ಲ, ಅವರು ಎಂದು ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲಿ ನೋಡಬೇಕು ಎಂದು ಗೊತ್ತಾದ ಮೇಲೆ ಸ್ಕ್ಯಾನಿಗೂ ಕಂಡಿತು, ಪಿತ್ತಕೋಶ ಕೀವು ತುಂಬಿ ಒಡೆಯುವ ಹಾಗಿತ್ತು. ಕೂಡಲೇ ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಮುದುಡಿ ಕುಳಿತೆ. ಅವರ ಪಿತ್ತಕೋಶ ತಟ್ಟೆಗೆ ಬಂದ ಮೇಲೂ ಅದರ ನೋವು ನನ್ನ ಹತ್ತಿರವೇ ಇತ್ತು. ಬದುಕಿದರು ಎಂದು ಸರ್ಜನರು ಹೊರಗೆ ಬಂದು ಹೇಳಿದಾಗ ಸುಮಂಗಲಾ ನನ್ನ ಕೈ ಹಿಡಿದುಕೊಂಡಳು, ನಾನು ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ. ನೋವಿಗೆ ಅಳುತ್ತಿದ್ದೇನೆ ಎಂದು ನರ್ಸಮ್ಮ ಸೂಜಿ ತಂದರು.

ಸಮ್ಮೇಳನಕ್ಕೆ ಬರುವುದಿಲ್ಲ ಎಂದು ತಿಳಿಸಿದೆ. ಪ್ರಿನ್ಸಿಪಾಲರು ಬೈದದ್ದನ್ನೆಲ್ಲ ಕೇಳಿಸಿಕೊಂಡೆ, ಬೈಗುಳಕ್ಕೆ ಮೈ ನೋಯುವುದಿಲ್ಲವಲ್ಲ. ರೆಹಾನಾ ಮಾತ್ರ ಕೈಚೆಲ್ಲಲಿಲ್ಲ. "ಸರ್, ತಪ್ಪು ತಿಳ್ಕೋಬ್ಯಾಡ್ರಿ, ಕೇಳವ್ವನ ದನಿ ತಗದು ನಿಮ್ದು ಹಾಕೂಣ್ರಿ" ಎಂದರು. ನಾನು ಮೈಕಿನ ಮುಂದೆ ಕುಳಿತು "ಏನಾಗೇತಿ? ಲಗೂ ಹೇಳು. ಮುಂದ?" ಎಂದು ಎಂದಿನ ಹಾಗೆ ಒದರಿದೆ. ಹೊದಿಕೆ, ಹೂವು ಎರಡೇ ದಿನಕ್ಕೆ ಮಾಯವಾದವು. ಜನ ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ, ಇದ್ದಬದ್ದ ನೋವನ್ನೆಲ್ಲ ಆ ದನಿಯ ಮೇಲೆ ಸುರಿದು, ಮೀಸೆ ತಿರುವುತ್ತ ಹೊರಗೆ ಬಂದರು. ಅಂಕಗಳು ಮತ್ತೆ ಮೇಲೇರಿ ತಮ್ಮ ಜಾಗದಲ್ಲಿ ಕುಳಿತವು. ಮಾತ್ರೆ ಕೆಲಸಕ್ಕೆ ಬಾರದ್ದು ಎಂದು ಸಾಬೀತಾಯಿತು, ಅದಕ್ಕಿಂತ ಸಕ್ಕರೆಯೇ ಒಂದು ಕೂದಲಿನಷ್ಟು ವಾಸಿ. ತೆರೆಯ ಮೇಲಿನ ರೋಗಿ ಈಗ ವಿದ್ಯಾರ್ಥಿಗಳನ್ನು ಹಿಗ್ಗಾಮುಗ್ಗಾ ಬಯ್ಯುತ್ತ ತನ್ನ ರೋಗವನ್ನು ಎಳೆಎಳೆಯಾಗಿ ಹೇಳುತ್ತಾನೆ. ಹೊಟ್ಟೆ ಒತ್ತಿ ನೋಡುವುದನ್ನು ಅವರಿಗೆ ಕಲಿಸಬೇಕೆಂದು ಹಟ ಮಾಡಿ, ಹೊರಗಿನಿಂದ ಒಬ್ಬ ಮಾಸ್ತರರನ್ನು ಕರೆಸಿದೆವು. ಆ ತರಗತಿಯಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಮೊದಲ ಪರೀಕ್ಷೆಯಲ್ಲಿ ಯಕೃತ್ತನ್ನು ಎಡಗಡೆ ಹುಡುಕಿ ನಪಾಸಾದೆ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಅಳಿಯಂದ್ರ ಎನ್ನಲಿಲ್ಲ, ಏ ಡಾಕ್ಟರ ಎಂದೂ ಅನ್ನಲಿಲ್ಲ. ನಾನು ಎದುರಿಗೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಸುಮಂಗಲಾ ನನ್ನ ಪರವಾಗಿ ಏನೋ ಹೇಳಹೋದರೆ "ಸುಮ್ಮನಿರು" ಎಂದರು. ಬದುಕಿದ್ದಾರಲ್ಲ, ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಸಾಕಾಗಲಿಲ್ಲ. ಜೋಳದ ಮೊರದ ಪಕ್ಕದಲ್ಲಿ ನನಗೊಂದು ಜಾಗ ಸಿಕ್ಕಿತ್ತು, ಅದನ್ನು ಕಳೆದುಕೊಂಡ ಸಂಕಟ ಇಷ್ಟು ದೊಡ್ಡದಿರುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಆ ತುದಿಗೆ ಕುಳಿತರು. ಬೀದಿ ನೋಡುತ್ತಲೇ, "ಆ ಹೆಗಲು ಇನ್ನೂ ನೂಸತೈತೇನು?" ಎಂದು ಕೇಳಿದರು.

"ಇಲ್ರಿ, ಆರಾಮ ಐತ್ರಿ."

"ನನ್ನ ಮುಂದ ಸುಳ್ಳ ಹೇಳಬ್ಯಾಡ್ರಿ. ಆವತ್ತು ನನಗ ಬಂದಿತ್ತಲ್ಲ. ಎಷ್ಟೈತಿ ಅಂತ ನನಗ ಗೊತ್ತಿಲ್ಲೇನು?" ಈಗ ನನ್ನ ಕಡೆ ತಿರುಗಿದರು. "ಅಷ್ಟು ಬ್ಯಾನಿ ಇಟ್ಕೊಂಡು ಇಷ್ಟು ವರ್ಷ ಯಾರಿಗೂ ಯಾಕ ಹೇಳಿಲ್ಲ? ಊರೆಲ್ಲಾ ನಿಮಗ ವೈರಿಗಳು. ಯಾರಿಗಿ ಬೇಕಾದ್ರೂ ಹೇಳಬಹುದಿತ್ತು."

ನಾನು ಯೋಚಿಸಿದೆ. ಊರಿಗೆಲ್ಲ ನಾನು ವೈರಿಯಾಗಿದ್ದೆ, ಹೌದು. "ನನಗ ಯಾರ ಮ್ಯಾಲೂ ಅಷ್ಟು ಸಿಟ್ಟಿರಲಿಲ್ರಿ" ಎಂದೆ.

"ನನ್ನ ಮ್ಯಾಲ?"

"ಇಲ್ರಿ. ಆವತ್ತು ನಿಮ್ಮನ್ನ ಕಳಕೋತೀನಿ ಅಂತ ಅಂಜಿಕಿ ಬಂತ್ರಿ. ಅದಕ್ಕ ಹೇಳಿದೆ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, "ಈ ಹೊಲಿಗಿ ಹಾಕಿದ್ದಲ್ಲೆ ಸೀನಿದಾಗೊಮ್ಮೆ ಚುಳ್ ಅಂತೈತಿ" ಎಂದು ಶುರುಮಾಡಿದರು. ಸಿಟ್ಟಿನಿಂದ ಅಲ್ಲ, ಬಾವಿಗೆ ಧುಮುಕಿದ್ದನ್ನು ಹೇಳಿದ ಹಾಗೆಯೇ ಹೇಳಿದರು. ನನಗೆ ಬಲಪಕ್ಕೆ ಚುಳ್ಳೆಂದಿತು. ಹೇಳಿ ಮುಗಿಸಿ, "ಈಗ ನಿಮ್ದು ಹೇಳ್ರಿ" ಎಂದರು. ಮೆಚ್ಚಿದವರ ಮುಂದೆ ಹೇಳಿ ನನಗೆ ರೂಢಿಯಿಲ್ಲ, ನಾಲಿಗೆ ತೊದಲಿತು. ಅವರು ತಮ್ಮ ಎಡ ಹೆಗಲನ್ನು ಮೊದಲೇ ಹಿಡಿದುಕೊಂಡು ಕಾದರು. ಹೇಳಿದೆ.

ಈಗ ದಿನವೂ ಸಂಜೆ ಅದೇ ನಮ್ಮ ಕೆಲಸ. ಜಗಲಿಯ ಮೇಲೆ ಕುಳಿತು ಅವರದು ನಾನು, ನನ್ನದು ಅವರು ಕೇಳಿಕೊಂಡು ಮುಖ ಕಿವಿಚುತ್ತೇವೆ. ಬೀದಿಯಲ್ಲಿ ಹೋಗುವವರು ಕಿವಿ ಮುಚ್ಚಿಕೊಂಡು ಬೇಗ ಬೇಗ ದಾಟುತ್ತಾರೆ. ಅತ್ತೆ ಅಳಿಯನ ನಡುವೆ ಇಂಥ ಕಡುವೈರವನ್ನು ನಮ್ಮ ಊರು ಹಿಂದೆಂದೂ ನೋಡಿಲ್ಲವಂತೆ. ಹಿರಿಯರು ಒಂದಿಬ್ಬರು ರಾಜಿ ಮಾಡಿಸಲು ಬಂದು ಚಹಾ ಕುಡಿದು ಹೋದರು. ಸುಮಂಗಲಾಳನ್ನು ಕಂಡರೆ ಹೆಂಗಸರು "ಪಾಪ, ಇಬ್ಬರ ನಡಕ ಅದೇನು ಒದ್ದಾಡ್ತೀಯವ್ವ" ಎನ್ನುತ್ತಾರೆ.

ನಿನ್ನೆ ಸಂಜೆ ನಾವಿಬ್ಬರೂ ಹೀಗೇ ಕುಳಿತಿದ್ದಾಗ ಸುಮಂಗಲಾ ಒಳಗಿನಿಂದ ಬಂದಳು. ರೊಟ್ಟಿಯ ಹಿಟ್ಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು. ತಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಂದೂ ಒಂದೈತಿ" ಎಂದಳು ಕೊನೆಗೆ. "ಭಾಳ ದಿವಸದ್ದು. ಹೇಳ್ಲೇನು?"

ನಾನು ಒಂದು ಕಡೆ ಸರಿದೆ, ಅತ್ತೆ ಇನ್ನೊಂದು ಕಡೆ ಸರಿದರು. ಅವಳು ನಡುವೆ ಬಂದು ಕುಳಿತಳು.